ಪಿಟೀಲಿನ ದೊಡ್ಡಪ್ಪ

ಟೇಪಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಪರದೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಮನೆಮನೆಗೆ ಹೋಗಿ ಕಿಟಕಿ ಬಾಗಿಲುಗಳ ಅಳತೆ ತೆಗೆಯಲು ಶುರುಮಾಡಿದ ಮೇಲೆ ಆ ಹೆಸರು ಹಿಡಿದು ಕರೆಯುವವರು ಕಡಿಮೆಯಾಗುತ್ತಾ ಬಂದು, ಕೊನೆಗೆ ಅವನಿಗೇ ಅದು ಇನ್ಯಾರದೋ ಹೆಸರು ಅನ್ನಿಸತೊಡಗಿತ್ತು. ಕತ್ತಿನಲ್ಲಿ ಸದಾ ಹಳದಿ ಟೇಪು. ಮದುವೆ ಮನೆಗೆ ಹೋದರೂ ತೆಗೆಯಲು ಮರೆಯುತ್ತಿದ್ದ. ಕಿಟಕಿಯ ವಿಷಯದಲ್ಲಿ ಅವನ ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಉಳಿದ ವಿಷಯಗಳಲ್ಲಿ ಎಷ್ಟು ತಪ್ಪುತ್ತಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ಅವನ ಮನೆಯಿಂದ ರೈಲು ನಿಲ್ದಾಣ ದೂರ. ಆ ಕಡೆ ಇಳಿದರೆ ಅಂಗಡಿ ಇನ್ನೂ ದೂರ. ಎರಡೂ ತುದಿಯಲ್ಲಿ ಬಟ್ಟೆಯ ಮಾದರಿಗಳ ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದು ನಡೆದು ಟೇಪಣ್ಣ ಒಂದು ಮಗ್ಗುಲಿಗೆ ವಾಲಿಹೋಗಿದ್ದ. ಇದನ್ನು ಮೊದಲು ಗಮನಿಸಿದವನು ಹೆಂಡತಿಯ ತಮ್ಮ. ಈ ಭಾವಮೈದ ಪ್ರಪಂಚದ ಸಕಲ ಕಷ್ಟಕ್ಕೂ ಮೊಬೈಲಿನಲ್ಲಿ ಪರಿಹಾರ ಹುಡುಕಿ, ಅದನ್ನು ಬೇರೆಯವರ ಮೇಲೆ ಪ್ರಯೋಗಿಸಿ ನೋಡುವ ಜಾತಿಯವನು.

"ಭಾವ, ನೀವು ಯಾವ ಕಾಲದಲ್ಲಿದ್ದೀರಿ? ಮಡಚೋ ಎಲೆಕ್ಟ್ರಿಕ್ ಸ್ಕೂಟರ್ ಬಂದಿದೆ. ಮೇಲೆ ನಿಂತ್ಕೊಳ್ಳೋದು, ಗುಂಡಿ ಒತ್ತೋದು, ಹೋಗ್ತಾ ಇರೋದು. ಸ್ಟೇಷನ್ ಬಂತಾ, ಕೊಡೆ ಥರ ಮಡಚೋದು, ರೈಲು ಹತ್ತೋದು."

"ಕೊಡೆಯಷ್ಟು ಹಗುರಾನಾ?"

"ಕೊಡೆಗಿಂತ ಒಂಚೂರು ಜಾಸ್ತಿ."

ಆ ಒಂಚೂರು ಎಂದರೆ ಸುಮಾರು ಒಂದು ಖಾಲಿ ಗ್ಯಾಸ್ ಸಿಲಿಂಡರಿನಷ್ಟು. ಅದು ಗೊತ್ತಾಗುವ ಹೊತ್ತಿಗೆ ಗಾಡಿ ಮನೆಗೆ ಬಂದಾಗಿತ್ತು.

ಸೋಮವಾರ ಬೆಳಿಗ್ಗೆ ಟೇಪಣ್ಣ ಅದರ ಮೇಲೆ ನಿಂತು ಹೊರಟ. ಕೈ ಆಡುತ್ತಿಲ್ಲ, ಕಾಲು ಆಡುತ್ತಿಲ್ಲ, ಹೆದರಿಕೆಗೆ ರೆಪ್ಪೆಯೂ ಆಡುತ್ತಿಲ್ಲ. ಆದರೂ ಮನುಷ್ಯ ಮುಂದೆ ಹೋಗುತ್ತಿದ್ದಾನೆ. ಬೀದಿ ಗುಡಿಸುತ್ತಿದ್ದಾಕೆ ಯಾರೋ ಪ್ರತಿಮೆ ಸಾಗಿಸುತ್ತಿದ್ದಾರೆ ಅಂದುಕೊಂಡು ಪೊರಕೆ ಸಮೇತ ಪಕ್ಕಕ್ಕೆ ಸರಿದಳು. ನಿಲ್ದಾಣ ತಲುಪಿ, ಗಾಡಿ ಮಡಚಿ, ಏದುಸಿರು ಬಿಡುತ್ತಾ ಅದನ್ನು ರೈಲಿನೊಳಕ್ಕೆ ಎತ್ತಿಟ್ಟು ತಲೆಯೆತ್ತಿದರೆ ಎದುರಿಗೆ ಟಿಸಿ ನಿಂತಿದ್ದರು.

ಈ ಟಿಸಿ ಆ ದಾರಿಯಲ್ಲಿ ಹೆಸರುವಾಸಿ. ಟಿಕೆಟ್ ಮರೆತುಬಂದ ಸ್ವಂತ ಬೀಗರನ್ನೇ ಮುಂದಿನ ನಿಲ್ದಾಣದಲ್ಲಿ ಇಳಿಸಿದ್ದರಂತೆ. ಆಮೇಲೆ ಹಬ್ಬ ಹುಣ್ಣಿಮೆಗೂ ಆ ಎರಡು ಮನೆಗಳ ನಡುವೆ ಹೋಗಿಬರುವುದಿರಲಿಲ್ಲ.

"ಏನಿದು?"

"ಸ್ಕೂಟರ್ ಸಾರ್. ಮಡಚಿದೀನಿ."

"ಬ್ಯಾಟರಿ ಇದೆಯಾ?"

"ಇದೆ ಸಾರ್, ಹೊಸದು," ಎಂದ ಟೇಪಣ್ಣ ಹೆಮ್ಮೆಯಿಂದ.

"ಬ್ಯಾಟರಿ ಗಾಡಿ ರೈಲಿಗೆ ಹತ್ತೋ ಹಾಗಿಲ್ಲ. ಇಳೀರಿ."

"ಮಡಚಿದೀನಲ್ಲ ಸಾರ್."

"ಹಾವನ್ನ ಸುತ್ತಿಟ್ಟರೆ ಹಗ್ಗ ಆಗುತ್ತಾ? ಇಳೀರಿ."

ಟೇಪಣ್ಣ ಇಳಿದ. ಸೈಕಲ್ ಸ್ಟ್ಯಾಂಡಿನವನ ಹತ್ತಿರ ಹೋದರೆ ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪೆಡಲ್ ಇಲ್ಲ, ಸೈಕಲ್ ಅಲ್ಲ. ಸೀಟ್ ಇಲ್ಲ, ಸ್ಕೂಟರ್ ಅಲ್ಲ. ಇದನ್ನ ಏನಂತ ನಿಲ್ಲಿಸ್ಕೊಳ್ಳಲಿ? ನಾಳೆ ಕಳೆದುಹೋದರೆ ಏನು ಕಳೆದುಹೋಯ್ತು ಅಂತ ಹೇಳಲಿ?" ಎಂದ. ತರ್ಕದಲ್ಲಿ ತಪ್ಪು ಹುಡುಕಲಾಗದೆ ಟೇಪಣ್ಣ ಮನೆಗೆ ಹಿಂದಿರುಗಿದ. ಬರುವ ದಾರಿಯಲ್ಲಿ ಗಾಡಿಗೆ ಏನಾಗಿತ್ತೋ, ಗುಂಡಿ ಒತ್ತಿದರೂ ಕದಲಲಿಲ್ಲ. ಹೊತ್ತುಕೊಂಡೇ ಬಂದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಅದು ನಿಮ್ಮನ್ನ ಹೊರುತ್ತೆ ಅಂತ ಅಲ್ವಾ ತಂದದ್ದು?" ಎಂದಷ್ಟೇ ಕೇಳಿ ಒಳಗೆ ಹೋದಳು.

ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಕಂಡದ್ದು ಮೇಲಿನ ಮನೆ ಅಜ್ಜಿ. ಆಕೆಯ ಗಂಡ ಬದುಕಿದ್ದಾಗ ಚೆಲ್ಲೊ ಬಾರಿಸುತ್ತಿದ್ದರು. ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಪ್ಪ. ಮುಖಚಹರೆ ಅದೇ, ಹೊಟ್ಟೆ ಮಾತ್ರ ಬಂದಿರುತ್ತದೆ. ಭುಜಕ್ಕೇರಿಸಲಾಗದೆ ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸಬೇಕು. ದನಿಯೂ ಮನೆಯ ಹಿರಿಯರು ಒಳಕೋಣೆಯಿಂದ ಕರೆದ ಹಾಗೆ. ಗಂಡ ಹೋದ ಮೇಲೆ ಅಜ್ಜಿ ವಾದ್ಯವನ್ನು ಒಂದು ಶಾಲೆಗೆ ಕೊಟ್ಟಿದ್ದಳು. ಆಳೆತ್ತರದ ಕಪ್ಪು ಪೆಟ್ಟಿಗೆ ಮಾತ್ರ ಹಳೇ ಕಂಬಳಿಗಳನ್ನು ತುಂಬಿಕೊಂಡು ಮೂಲೆಯಲ್ಲಿ ನಿಂತಿತ್ತು.

"ಇದರೊಳಗೆ ಇಟ್ಕೊಂಡು ಹೋಗಪ್ಪ," ಎಂದಳು ಅಜ್ಜಿ. "ನಮ್ಮ ಯಜಮಾನರು ಜೀವಮಾನವೆಲ್ಲ ಇದನ್ನ ಹೊತ್ತುಕೊಂಡು ಓಡಾಡಿದರು. ಒಳಗೇನಿದೆ ಅಂತ ಒಂದು ನರಪಿಳ್ಳೇನೂ ಕೇಳಿದ್ದಿಲ್ಲ."

ಗಾಡಿ ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಹಿಡಿಕೆ ಹೊಟ್ಟೆಯ ಕಡೆ, ಚಕ್ರ ಕತ್ತಿನ ಕಡೆ. ಅಳತೆಯವನ ಕಣ್ಣಿಗೆ ಅದೊಂದೇ ಸಾಕಾಯಿತು. ಮುಂದೇನು ಎಂದು ಅವನು ಯೋಚಿಸಲಿಲ್ಲ.

ರಾತ್ರಿ ಚಾರ್ಜ್ ಹಾಕಿದ ಗಾಡಿಯನ್ನು ಮರುದಿನ ಖಾಲಿ ಪೆಟ್ಟಿಗೆ ಬೆನ್ನಿಗೇರಿಸಿಕೊಂಡು ನಿಲ್ದಾಣದವರೆಗೆ ಓಡಿಸಿ, ಅಲ್ಲಿ ಪೆಟ್ಟಿಗೆಯೊಳಗಿಟ್ಟು ರೈಲು ಹತ್ತಿದರೆ ಅದೇ ಟಿಸಿ. ನಿನ್ನೆ ಇಳಿಸಿದ ಮನುಷ್ಯ ಇವನೇ ಎಂದು ಅವರಿಗೆ ಹೊಳೆಯಲಿಲ್ಲ. ಅವರ ಕಣ್ಣು ಪೆಟ್ಟಿಗೆಯ ಮೇಲೆ ನಿಂತಿತು, ಮುಖ ಸಡಿಲವಾಯಿತು.

"ಚೆಲ್ಲೊನಾ?"

"ಹ್ಞೂಂ," ಎಂದ ಟೇಪಣ್ಣ.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ಗಾದೆ ಮಾಡಿದವರಿಗೆ ಅಷ್ಟು ಮಾತೂ ಬೇಕಿಲ್ಲ, ಮೂಗಿನಿಂದ ಹೊರಟ ಒಂದು ಹ್ಞೂಂಕಾರ ಸಾಕು ಎಂದು ತಿಳಿದಿರಲಿಲ್ಲವೇನೋ. ಟಿಸಿ ಸುತ್ತ ನೋಡಿದರು. ಕಿಟಕಿಯ ಪಕ್ಕ ಶಾಲೆಯೊಂದರ ಹೆಡ್ಮಾಸ್ಟರು ಕೂತಿದ್ದರು.

"ಸ್ವಲ್ಪ ಏಳಿ ಸಾರ್. ವಾದ್ಯಕ್ಕೆ ಪೆಟ್ಟಾಗಬಾರದು."

ಹೆಡ್ಮಾಸ್ಟರು ಎದ್ದರು. ಪೆಟ್ಟಿಗೆ ಕೂತಿತು. ಅಂದಿನಿಂದ ದಿನಾ ಅದೇ ಪದ್ಧತಿಯಾಯಿತು. ಹೆಡ್ಮಾಸ್ಟರು ನಿಂತೇ ಪ್ರಯಾಣ ಮಾಡುತ್ತಿದ್ದರು, ಆದರೆ ಬೇಸರಪಡಲಿಲ್ಲ. ಕಲೆಗಾಗಿ ನಿಲ್ಲುತ್ತಿದ್ದೇನೆಂದು ಹತ್ತಿದವರಿಗೆಲ್ಲ ಹೇಳುವ ಅವಕಾಶ ಅವರಿಗೆ ಸಿಕ್ಕಿತ್ತು.

ಟೇಪಣ್ಣ ಸುಳ್ಳು ಹೇಳುವವನಲ್ಲ. ಕೇಳಿದ ಪ್ರಶ್ನೆಗೆ ಆದಷ್ಟು ನಿಜವನ್ನೇ ಹೇಳುತ್ತಿದ್ದ. ಕಷ್ಟ ಆದದ್ದು ಅದರಿಂದಲೇ.

"ಯಾರ ಹತ್ತಿರ ಕಲಿತಿರಿ?" ಎಂದು ಕೇಳಿದಾಕೆ ಎದುರು ಸೀಟಿನ ಔಷಧಿ ಅಂಗಡಿಯಮ್ಮ.

"ಭಾವಮೈದ ಹೇಳಿಕೊಟ್ಟ. ಉಳಿದದ್ದು ಬಿದ್ದೂ ಎದ್ದೂ ನಾನೇ ಕಲಿತೆ."

"ದಿನಾ ಅಭ್ಯಾಸ ಇದೆಯಾ?"

"ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಮಳೆ ಬಂದರೆ ಮಾತ್ರ ಮುಟ್ಟಲ್ಲ."

"ಮಳೆ ಬಂದರೆ ಏನಾಗುತ್ತೆ?"

"ಜಾರುತ್ತೆ."

ಔಷಧಿ ಅಂಗಡಿಯಮ್ಮ ಕಣ್ಣರಳಿಸಿ ಹೆಡ್ಮಾಸ್ಟರ ಕಡೆ ನೋಡಿದಳು. ಹೆಡ್ಮಾಸ್ಟರು ಕಂಬಿ ಹಿಡಿದುಕೊಂಡೇ ತಲೆದೂಗಿದರು. "ಸ್ವರ ಜಾರುತ್ತೆ. ತೇವಕ್ಕೆ. ಬಲ್ಲವರಿಗೆ ಮಾತ್ರ ಗೊತ್ತಾಗೋ ವಿಷಯ ಇದು."

"ಬಾರಿಸುವಾಗ ನಿಮ್ಮ ಮನಸ್ಸು ಎಲ್ಲಿರುತ್ತೆ?" ಎಂದಳು ಔಷಧಿ ಅಂಗಡಿಯಮ್ಮ.

"ರಸ್ತೆ ಮೇಲೆ," ಎಂದುಬಿಟ್ಟ ಟೇಪಣ್ಣ. ಆಮೇಲೆ ಗಾಬರಿಯಾಗಿ ಕಣ್ಣು ಮುಚ್ಚಿಕೊಂಡ. ಅವನು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ ಬೋಗಿಯಲ್ಲಿದ್ದವರು ದನಿ ತಗ್ಗಿಸಿದರು.

ಒಮ್ಮೆ ರೈಲು ಕುಲುಕಿದಾಗ ಪೆಟ್ಟಿಗೆಯೊಳಗೆ ಗಾಡಿಯ ಗುಂಡಿ ತಾನೇ ಒತ್ತಿಕೊಂಡು ಕ್ವೀಂ ಎಂದು ಎಳೆದ ದನಿಯೊಂದು ಹೊರಟಿತು. ಟಿಸಿ ಅಲ್ಲೇ ಇದ್ದರು. ಅವರು ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ದನಿ ನಿಲ್ಲುವವರೆಗೆ ಕೇಳಿ, "ಒಳ್ಳೇ ವಾದ್ಯ ಆದರೆ ಹಾಗೇ. ಮುಟ್ಟದಿದ್ದರೂ ತಾನೇ ಶ್ರುತಿ ಹಿಡಿಯುತ್ತೆ," ಎಂದರು.

ಸುದ್ದಿಗೆ ಟಿಕೆಟ್ ಬೇಕಿಲ್ಲ. ಯಾವ ನಿಲ್ದಾಣದಲ್ಲಿ ಬೇಕಾದರೂ ಇಳಿಯುತ್ತದೆ. ಪರದೆ ಅಂಗಡಿಯ ಮಾಲೀಕರ ಕಿವಿಗೂ ಬಿತ್ತು. ಅವರು ಗಿರಾಕಿಗಳ ಮುಂದೆ ಟೇಪಣ್ಣನನ್ನು ನಿಲ್ಲಿಸಿ, "ನಮ್ಮಲ್ಲಿ ಅಳತೆ ತೆಗೆಯೋರೂ ಕಲಾವಿದರೇ," ಎನ್ನತೊಡಗಿದರು. ಮುಂಚೆಲ್ಲ ಪರದೆಯ ಬಣ್ಣಕ್ಕೆ ಗಂಟೆಗಟ್ಟಲೆ ಜಗಳವಾಡುತ್ತಿದ್ದ ಹೆಂಗಸರು ಈಗ ಟೇಪಣ್ಣ ಬೂದು ಎಂದರೆ ಬೂದು, ಹಸಿರು ಎಂದರೆ ಹಸಿರು ಎಂದು ಒಪ್ಪುತ್ತಿದ್ದರು. ಹೊಗಳಿಕೆ ಎನ್ನುವುದು ಹೊಸ ಚಪ್ಪಲಿಯಂತೆ. ಮೊದಲು ಕಚ್ಚುತ್ತದೆ, ಆಮೇಲೆ ಅದಿಲ್ಲದೆ ನಡೆಯಲಾಗುವುದಿಲ್ಲ. ಟೇಪಣ್ಣ ಹಿಂದಲೆಯ ಕೂದಲನ್ನು ಕತ್ತರಿಸದೆ ಬೆಳೆಯಬಿಟ್ಟ.

ಹೆಂಡತಿಗೆ ವಿಷಯ ತಿಳಿದದ್ದು ಕೆಮ್ಮಿನ ಔಷಧಿ ತರಲು ಹೋದಾಗ. ಅಂಗಡಿಯಮ್ಮ ಆಕೆಯ ಕೈ ಹಿಡಿದುಕೊಂಡು, "ಅಂಥ ಕಲಾವಿದರ ಜೊತೆ ಸಂಸಾರ ಮಾಡೋದು ಸುಲಭ ಅಲ್ಲ ಅಲ್ವಾ?" ಎಂದಿದ್ದಳು.

"ಸುಲಭ ಅಲ್ಲ ಅಂದೆ," ಎಂದಳು ಹೆಂಡತಿ ಮನೆಗೆ ಬಂದು, ಬಟ್ಟೆ ಮಡಚುತ್ತಾ. "ಅಷ್ಟು ಮಾತ್ರ ನಿಜ ಇತ್ತು. ನೀವು ಯಾವಾಗ್ರೀ ಚೆಲ್ಲೊ ಕಲಿತಿರಿ?"

"ನಾನೆಲ್ಲಿ ಕಲಿತೆ? ಅವರು ಕೇಳಿದರು, ನಾನು ಹ್ಞೂಂ ಅಂದೆ."

"ನನ್ನನ್ನ ನೋಡೋಕೆ ಬಂದಾಗಲೂ ಹಾಗೇ ಅಂದಿದ್ದಿರಿ," ಎಂದು ಹೆಂಡತಿ ಮಡಚಿದ ಬಟ್ಟೆಯನ್ನು ಬೀರುವಿನಲ್ಲಿಟ್ಟಳು.

ಇಷ್ಟಕ್ಕೇ ನಿಂತಿದ್ದರೆ ಟೇಪಣ್ಣ ದಿನಾ ಕಿಟಕಿಯ ಪಕ್ಕದಲ್ಲಿ ಗಾಡಿಯನ್ನು ಕೂರಿಸಿಕೊಂಡು ಸುಖವಾಗಿ ಓಡಾಡಿಕೊಂಡಿರುತ್ತಿದ್ದ. ಆದರೆ ಆ ತಿಂಗಳ ಕೊನೆಗೆ ಟಿಸಿ ನಿವೃತ್ತರಾಗುವವರಿದ್ದರು. ಹೆಡ್ಮಾಸ್ಟರು ಬೋಗಿಯಲ್ಲಿ ಎದ್ದು ನಿಂತು (ನಿಂತೇ ಇದ್ದರು, ಈಗ ಇನ್ನಷ್ಟು ನೆಟ್ಟಗಾದರು) ಸಾರಿದರು: ಪ್ರಯಾಣಿಕರೆಲ್ಲ ಸೇರಿ ಪ್ಲಾಟ್‌ಫಾರ್ಮಿನ ಮೇಲೇ ಬೀಳ್ಕೊಡುಗೆ ಸಮಾರಂಭ ಮಾಡುವುದು, ಒಂದು ಆರಾಮ ಕುರ್ಚಿ ಉಡುಗೊರೆ ಕೊಡುವುದು, ಭಾಷಣ ತಮ್ಮದು, ಚೆಲ್ಲೊ ವಾದನ ಇವರದು.

ಟೇಪಣ್ಣ ಅಂದೇ ಭಾವಮೈದನಿಗೆ ಫೋನ್ ಮಾಡಿದ.

"ತಂತಿ ಹರಿದುಹೋಯ್ತು ಅನ್ನಿ ಭಾವ," ಎಂದ ಭಾವಮೈದ.

ತಂತಿ ಹರಿಯಿತು ಎಂದ. ಮರುದಿನವೇ ಹೆಡ್ಮಾಸ್ಟರು ಎಲ್ಲೆಲ್ಲೋ ಅಲೆದು ಹೊಸ ತಂತಿಗಳನ್ನು ತಂದು ಅವನ ಕೈಗಿಟ್ಟರು. ಬೆರಳಿಗೆ ಗಾಯ ಎಂದು ಬಟ್ಟೆ ಸುತ್ತಿಕೊಂಡು ಹೋದ. ಔಷಧಿ ಅಂಗಡಿಯಮ್ಮ ಅದನ್ನು ಅಲ್ಲೇ ಬಿಚ್ಚಿ ನೋಡಿ, "ಗಾಯ ಎಲ್ಲೂ ಕಾಣ್ತಿಲ್ಲ. ಇದು ಒಳಪೆಟ್ಟು," ಎಂದು ತೀರ್ಮಾನಿಸಿ, ಉರಿಯುವ ಮುಲಾಮೊಂದನ್ನು ತಿಕ್ಕಿದಳು. ಇನ್ನುಳಿದದ್ದು ಆ ದಿನ ಊರಲ್ಲೇ ಇಲ್ಲದಿರುವ ಉಪಾಯ. ಮಾಲೀಕರ ಹತ್ತಿರ ರಜೆ ಕೇಳಿದರೆ, "ರಜೆ ಎಂಥದು, ಸಮಾರಂಭಕ್ಕೆ ಅಂಗಡಿಯವರೆಲ್ಲ ಬರ್ತಿದೀವಿ. ವೇದಿಕೆಗೆ ಪರದೆ ನಮ್ಮದೇ," ಎಂದರು.

ಕೊನೆಗೆ ನಿಜ ಹೇಳಿಬಿಡುವುದೆಂದು ತೀರ್ಮಾನಿಸಿ ಟೇಪಣ್ಣ ರೈಲಿನ ಬಾಗಿಲ ಹತ್ತಿರ ಟಿಸಿಯನ್ನು ಹಿಡಿದ. ಅವರು ಗೋಡೆಗೆ ಒರಗಿ ಮಂಡಿ ನೀವಿಕೊಳ್ಳುತ್ತಿದ್ದರು.

"ಸಾರ್, ನಿಮಗೊಂದು ವಿಷಯ ಹೇಳಬೇಕಿತ್ತು."

"ನಾನೂ ಒಂದು ಹೇಳಬೇಕಿತ್ತು," ಎಂದರು ಟಿಸಿ. "ಈ ಕೆಲಸದಲ್ಲಿ ನಾನು ಜನರಿಗೆ ಅತಿ ಹೆಚ್ಚು ಹೇಳಿದ ಮಾತು ಇಳೀರಿ ಅನ್ನೋದು. ನನ್ನನ್ನ ನೋಡಿದರೆ ಜನ ಜೇಬು ತಡಕ್ತಾರೆ, ನಿದ್ದೆ ಬಂದ ಹಾಗೆ ನಟಿಸ್ತಾರೆ. ನನಗೋಸ್ಕರ ಯಾರಾದರೂ ಏನಾದರೂ ಬಾರಿಸ್ತೀನಿ ಅಂದದ್ದು ಇದೇ ಮೊದಲು. ಮನೇಲಿ ಹೇಳಿದೆ, ನಂಬಲಿಲ್ಲ. ಹ್ಞಾಂ, ನಿಮ್ಮದೇನು?"

"ಏನಿಲ್ಲ ಸಾರ್," ಎಂದ ಟೇಪಣ್ಣ.

ಸಮಾರಂಭದ ಸಂಜೆ ಪ್ಲಾಟ್‌ಫಾರ್ಮು ತುಂಬಿತ್ತು. ಅಂಗಡಿಯ ನೀಲಿ ಪರದೆಗಳು ಕಂಬದಿಂದ ಕಂಬಕ್ಕೆ ತೂಗಿದ್ದವು. ಆರಾಮ ಕುರ್ಚಿಯಲ್ಲಿ ಟಿಸಿ, ಸಮವಸ್ತ್ರದಲ್ಲೇ, ಆರಾಮವಿಲ್ಲದೆ ಕೂತಿದ್ದರು. ಪಕ್ಕದಲ್ಲಿ ಸ್ಟೇಷನ್ ಮಾಸ್ಟರು. ಮೊದಲ ಸಾಲಿನಲ್ಲಿ ಮೇಲಿನ ಮನೆ ಅಜ್ಜಿ ಕಾಲು ನೀಡಿ ಕೂತಿದ್ದಳು.

"ನೀವೂ ಬಂದಿರಾ ಅಜ್ಜಿ? ನಿಮಗೆ ಗೊತ್ತಲ್ಲ, ಒಳಗೇನಿದೆ ಅಂತ," ಎಂದು ಪಿಸುಗುಟ್ಟಿದ ಟೇಪಣ್ಣ.

"ಗೊತ್ತಿರೋದಕ್ಕೇ ಬಂದೆ," ಎಂದಳು ಅಜ್ಜಿ. "ಏನು ಮಾಡ್ತೀಯ ನೋಡೋಣ ಅಂತ."

ಹೆಡ್ಮಾಸ್ಟರು ಅವನ ಹೆಸರು ಕರೆದರು. ಜನ ಚಪ್ಪಾಳೆ ತಟ್ಟಿದರು. ಟೇಪಣ್ಣ ಪೆಟ್ಟಿಗೆಯನ್ನು ನಡುವೆ ಮಲಗಿಸಿ ಮೊಣಕಾಲೂರಿ ಕೂತ. ಒಂದು ಕೊಂಡಿ ತೆಗೆದ. ಇನ್ನೊಂದು ಕೊಂಡಿ ತೆಗೆಯುವ ಮೊದಲು ಕಣ್ಣು ಮುಚ್ಚಿಕೊಂಡ. ಹಿಂದಿನವರು ಅದನ್ನು ಭಕ್ತಿ ಎಂದು ತಿಳಿದರು. ಮುಚ್ಚಳ ತೆರೆಯಿತು.

ಪಾರಿವಾಳವೊಂದು ತೊಲೆಯ ಮೇಲೆ ಜಾಗ ಬದಲಿಸಿದ್ದು ಕೇಳಿಸಿತು. ಹಿಂದಿನ ಸಾಲಿನ ಒಬ್ಬರು, ಹೊಸ ನಮೂನೆ ಚೆಲ್ಲೊ ಇರಬೇಕು, ಕರೆಂಟಿನದು, ಎಂದು ಪಕ್ಕದವರಿಗೆ ಹೇಳಿದರು. ಟಿಸಿ ಎದ್ದು ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಹಾಗಾದರೆ ಇಷ್ಟು ದಿನ ಕಿಟಕಿ ಪಕ್ಕ ಕೂತದ್ದು ಇದು."

"ಹೌದು ಸಾರ್."

"ಹೆಡ್ಮಾಸ್ಟರು ನಿಂತದ್ದು ಇದಕ್ಕೋಸ್ಕರ."

"ಹೌದು ಸಾರ್."

ಹೆಡ್ಮಾಸ್ಟರು ಕೈಯಲ್ಲಿದ್ದ ಭಾಷಣದ ಹಾಳೆಗಳನ್ನು ತಿರುವಿಹಾಕಿದರು. ಇಂಥ ಸಂದರ್ಭಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಟೇಪಣ್ಣ ಎದ್ದು ನಿಂತ. "ನೀವು ಚೆಲ್ಲೊನಾ ಅಂದಿರಿ ಸಾರ್, ನಾನು ಹ್ಞೂಂ ಅಂದೆ. ಆಮೇಲೆ ಊಹೂಂ ಅನ್ನೋಕೆ ಜಾಗಾನೇ ಸಿಗಲಿಲ್ಲ. ನಿಮ್ಮ ಕೊನೇ ದಿನ ಹೀಗೆ ಮಾಡಬಾರದಿತ್ತು. ಏನು ಶಿಕ್ಷೆ ಬೇಕಾದರೂ ಕೊಡಿ."

ಟಿಸಿ ಟೋಪಿ ತೆಗೆದು ತಲೆ ಒರೆಸಿಕೊಂಡರು. ಮಾಲೀಕರು ಪರದೆಯ ಹಿಂದೆ ಸರಿದರು. ಎಲ್ಲರೂ ಇಳೀರಿ ಎಂಬ ಆ ಒಂದು ಮಾತಿಗಾಗಿ ಕಾಯುತ್ತಿದ್ದರು. ಬಂದದ್ದು ಬೇರೆ ಮಾತು.

"ರೈಲು ಓಡ್ತಿತ್ತು, ಅದರೊಳಗೆ ನಾನು ನಡೀತಿದ್ದೆ," ಎಂದರು ಟಿಸಿ, ಯಾರಿಗೆಂದಿಲ್ಲದೆ. "ಎಲ್ಲರೂ ಕೂತ್ಕೊಂಡು ಊರು ಸೇರಿದರು, ನಾನೊಬ್ಬ ನಡ್ಕೊಂಡು ಸೇರಿದೆ. ಎರಡೂ ಮಂಡಿ ಸವೆದದ್ದು ಅಲ್ಲೇ." ಆಮೇಲೆ ಟೇಪಣ್ಣನ ಕಡೆ ತಿರುಗಿದರು. "ಇದು ಹೇಗೆ ಓಡುತ್ತೆ?"

ಟೇಪಣ್ಣ ಗಾಡಿಯನ್ನು ಎತ್ತಿ ಬಿಡಿಸಿ ನಿಲ್ಲಿಸಿದ. "ಮೇಲೆ ನಿಂತ್ಕೊಳ್ಳೋದು ಸಾರ್. ಈ ಗುಂಡಿ ಒತ್ತೋದು. ಹೋಗ್ತಾ ಇರೋದು."

ಸ್ಟೇಷನ್ ಮಾಸ್ಟರು ಕೆಮ್ಮಿದರು. "ಪ್ಲಾಟ್‌ಫಾರ್ಮ್ ಮೇಲೆ ಗಾಡಿ ಓಡಿಸೋ ಹಾಗಿಲ್ಲ, ನಿಮಗೇ ಗೊತ್ತು."

ಟಿಸಿ ಗೋಡೆಯ ಗಡಿಯಾರ ನೋಡಿದರು. "ನನ್ನ ಡ್ಯೂಟಿ ಮುಗೀತು ಸಾರ್. ಈಗ ನಾನು ಬರೀ ಸಾರ್ವಜನಿಕ. ಸಾರ್ವಜನಿಕರು ಎಲ್ಲಿ ಹೇಳಿದ ಮಾತು ಕೇಳ್ತಾರೆ?"

ಗಾಡಿ ಹೊರಟಿತು. ಮೊದಲು ಸ್ವಲ್ಪ ಓಲಾಡಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ತುದಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಟಿಸಿಯ ಬೆನ್ನು ನೆಟ್ಟಗಾಗಿತ್ತು. ಇನ್ನೊಂದು ಸುತ್ತಿಗೆ ಟೋಪಿಯನ್ನು ಸ್ಟೇಷನ್ ಮಾಸ್ಟರ ಕೈಗೆ ಹಾಕಿ ಹೋದರು. ಔಷಧಿ ಅಂಗಡಿಯಮ್ಮ ಚಪ್ಪಾಳೆ ಶುರುಮಾಡಿದಳು, ಎಲ್ಲರೂ ಕೂಡಿಕೊಂಡರು. ಆ ಗದ್ದಲದಲ್ಲಿ ಮತ್ತೊಂದು ಸುತ್ತು ಬಂದ ಟಿಸಿ ಈ ಸಲ ತಿರುಗಲಿಲ್ಲ. ಇಳಿಜಾರು ಹಿಡಿದು, ಗೇಟು ದಾಟಿ, ಬೀದಿಗೆ ಇಳಿದು, ಮೂಲೆಯಲ್ಲಿ ಕಣ್ಮರೆಯಾದರು.

ಜನ ಸ್ವಲ್ಪ ಹೊತ್ತು ಕಾದರು. ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಹೆಡ್ಮಾಸ್ಟರು, ಬರೆದ ಭಾಷಣ ವ್ಯರ್ಥವಾಗಬಾರದೆಂದು, ಖಾಲಿ ಆರಾಮ ಕುರ್ಚಿಯನ್ನು ಉದ್ದೇಶಿಸಿ ಅದನ್ನು ಪೂರ್ತಿ ಓದಿದರು. ಕುರ್ಚಿ ಶಾಂತವಾಗಿ ಕೇಳಿತು.

"ನಮ್ಮ ಯಜಮಾನರು ನಿಜವಾಗಿ ಬಾರಿಸಿದಾಗಲೂ ಜನ ಇಷ್ಟು ಚಪ್ಪಾಳೆ ತಟ್ಟಿದ್ದಿಲ್ಲ," ಎಂದಳು ಅಜ್ಜಿ ಏಳುತ್ತಾ. "ಪೆಟ್ಟಿಗೆ ಕೊಡಪ್ಪ ಇನ್ನು. ಕಂಬಳಿಗಳೆಲ್ಲ ಹೊರಗೆ ಬಿದ್ದಿವೆ."

ಹೆಂಡತಿ ಗೇಟಿನ ಕಡೆ ನೋಡುತ್ತಾ ನಿಂತಿದ್ದಳು. "ರೀ, ಚಾರ್ಜ್ ಮಾಡೋ ವಯರು ನಮ್ಮ ಮನೇಲಿದೆ. ಪಾಪ, ಅವರು ಎಲ್ಲಿವರೆಗೆ ಹೋಗ್ತಾರೆ?"

ಮರುದಿನ ಬೆಳಿಗ್ಗೆ ಟೇಪಣ್ಣ ಮಾದರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಡೆದೇ ನಿಲ್ದಾಣಕ್ಕೆ ಬಂದ. ಟಿಸಿ ಅವನಿಗಾಗಿ ಕಾಯುತ್ತಿದ್ದರು, ಸಾದಾ ಅಂಗಿಯಲ್ಲಿ, ಗಾಡಿಯ ಜೊತೆ. ಮುಖದಲ್ಲಿ ನಾಚಿಕೆಯಿತ್ತು.

"ಮನೆ ತಲುಪೋವರೆಗೂ ಅದು ನಿಮ್ಮದು ಅನ್ನೋದೇ ಮರೆತುಹೋಗಿತ್ತು. ತಗೊಳ್ಳಿ."

"ಈಗ ಕೊಟ್ಟರೆ ಎಲ್ಲಿಡಲಿ ಸಾರ್? ಅಂಗಡಿಗೆ ಹೋಗಬೇಕು. ಪೆಟ್ಟಿಗೆ ಅಜ್ಜಿಗೆ ವಾಪಸ್ ಕೊಟ್ಟೆ."

"ಪೆಟ್ಟಿಗೆ ಯಾಕ್ರೀ? ನಾನಿಲ್ವಾ? ಮಡಚಿ ನಾನೇ ಎತ್ಕೊಂಡು ಬರ್ತೀನಿ, ನಡೀರಿ. ಈ ಲೈನಲ್ಲಿ ನನ್ನನ್ನ ಕೇಳೋರು ಯಾರಿದ್ದಾರೆ?"

ಇಬ್ಬರೂ ರೈಲು ಹತ್ತಿದರು. ಕೇಳುವವರು ಬಾಗಿಲಲ್ಲೇ ಇದ್ದರು. ಟಿಸಿಯ ಜಾಗಕ್ಕೆ ಬಂದಿದ್ದ ಹೊಸ ಹುಡುಗಿ, ಅವರ ಕೈಕೆಳಗೇ ತರಬೇತಿ ಪಡೆದವಳು, ಇಸ್ತ್ರಿ ಮಡಿಕೆ ಮುರಿಯದ ಸಮವಸ್ತ್ರದಲ್ಲಿ ನಿಂತಿದ್ದಳು.

"ನಮಸ್ಕಾರ ಸಾರ್. ಆ ಗಾಡಿ ಒಳಗೆ ಬರೋ ಹಾಗಿಲ್ಲ."

"ನಾನಮ್ಮ," ಎಂದರು ಟಿಸಿ ನಗುತ್ತಾ.

"ಗೊತ್ತು ಸಾರ್."

"ಒಂದೇ ಸಲ. ಇವರ ಅಂಗಡಿಗೆ ಮುಟ್ಟಿಸಿ ವಾಪಸ್ ಬರ್ತೀನಿ."

"ಸಾರ್, ಬಾಗಿಲಲ್ಲಿ ಯಾರೇ ನಿಂತಿರಲಿ, ಮುಖ ನೋಡಬೇಡ, ಕೈಲೇನಿದೆ ಅಂತ ನೋಡು ಅಂತ ನೀವೇ ಹೇಳಿಕೊಟ್ಟದ್ದು." ಹುಡುಗಿಯ ಕಾಲು ಕದಲಲಿಲ್ಲ. "ದಯವಿಟ್ಟು ಇಳೀರಿ ಸಾರ್."

ಟಿಸಿ ಇಳಿದರು. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಲಾರದೆ ಟೇಪಣ್ಣನೂ ಇಳಿದ. ಬಾಗಿಲು ಮುಚ್ಚಿತು, ರೈಲು ಹೊರಟಿತು. ಕಿಟಕಿಯ ಪಕ್ಕ ಹೆಡ್ಮಾಸ್ಟರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುವುದು ಕಂಡಿತು.

ಟೇಪಣ್ಣ ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದ. ಟಿಸಿ ಅವನ ತೋಳು ಹಿಡಿದುಕೊಂಡರು.

"ನೋಡಿದಿರಾ? ಹ್ಯಾಗೆ ಇಳಿಸಿದಳು ನೋಡಿದಿರಾ?"

"ನೋಡಿದೆ ಸಾರ್."

"ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ದಯವಿಟ್ಟು ಅಂದಳು ಬೇರೆ. ಅದು ನಾನು ಕಲಿಸಿದ್ದಲ್ಲ, ಅವಳದೇ." ಅವರು ರೈಲು ಹೋದ ದಿಕ್ಕನ್ನೇ ನೋಡುತ್ತಿದ್ದರು. "ಬನ್ನಿ, ಹಿಂದೆ ನಿಂತ್ಕೊಳ್ಳಿ. ಅಂಗಡಿಗೆ ರಸ್ತೆ ಮೇಲೇ ಹೋಗೋಣ."

ಒಂದೇ ಗಾಡಿಯ ಮೇಲೆ ಇಬ್ಬರು, ಜೊತೆಗೆ ಮಾದರಿ ಪುಸ್ತಕ. ಮೊದಲ ಏರಿನಲ್ಲೇ ಅದು ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ಇಬ್ಬರೂ ಇಳಿದು, ಒಬ್ಬರು ಹಿಡಿಕೆಯನ್ನೂ ಒಬ್ಬರು ಹಿಂದಿನ ಚಕ್ರವನ್ನೂ ಎತ್ತಿಕೊಂಡು ನಡೆದರು. ಬಿಸಿಲೇರುತ್ತಿತ್ತು. ಅಂಗಡಿ ಇನ್ನೂ ಬಹಳ ದೂರವಿತ್ತು. ದಾರಿಯುದ್ದಕ್ಕೂ ಟಿಸಿ ಆ ಹುಡುಗಿಯನ್ನು ಹೊಗಳುತ್ತಲೇ ಇದ್ದರು.